ಅಂಗೈಯಗಲದ ಮುಖ

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ನೀನು ಕಳಿಸಿದ ಫೋಟೋಗಳನ್ನು ನಿನ್ನೆ ರಾತ್ರಿ ದೊಡ್ಡದು ಮಾಡಿಕೊಂಡು ನೋಡಿದೆ. ಲಾಕೆಟ್ಟಿನೊಳಗೆ ಆನೆದಂತದ ಬಿಲ್ಲೆಯ ಮೇಲೆ ಬರೆದ, ಕೆಂಪು ಕೋಟು ತೊಟ್ಟ ಆ ಹುಡುಗನ ಮುಖ ಚೆನ್ನಾಗಿದೆ. ಲಂಡನ್ನಿನ ಸಂತೆಯಲ್ಲಿ ಸಿಕ್ಕಿತು, ಮೂಲೆಯಲ್ಲಿ ‘ಜೆ ಎಸ್ 1789 ಐ’ ಅಂತಿದೆ, ಆ ಕಾಲದ ಇಂಗ್ಲಿಷ್ ಚಿತ್ರಗಾರ ಜಾನ್ ಸ್ಮಾರ್ಟ್ ಬರೆದದ್ದೇ ಅಲ್ಲವಾ ಮಾವ, ಎಷ್ಟು ಬೆಲೆ ಬಾಳುತ್ತದೆ ಎಂದು ಕೇಳಿದ್ದೀಯ. ಬೆಲೆಯ ಮಾತು ಆಮೇಲೆ. ಮೊದಲಿಗೆ, ಅದನ್ನು ಒರೆಸಬೇಡ.

ನಾನು ಒರೆಸಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಚಿತ್ರಗಳಿಗೆ ಕಟ್ಟು ಹಾಕುವ ಕೆಲಸಕ್ಕೆ ಕೂತ ಹೊಸತರಲ್ಲಿ ಒಬ್ಬರು ಮನೆಯ ದಂತದ ಚಿತ್ರ ತಂದುಕೊಟ್ಟರು. ಗಾಜು ಬಿಚ್ಚಿ, ಒದ್ದೆ ಹತ್ತಿಯಿಂದ ಮೆಲ್ಲಗೆ ಒಂದು ಸಲ ಸವರಿದೆ. ಹತ್ತಿಗೆ ಗುಲಾಬಿ ಬಣ್ಣ ಹತ್ತಿತು. ಆ ಹೆಂಗಸಿನ ಎಡಗೆನ್ನೆ ಹೋಗಿ ಬರೀ ದಂತ ಉಳಿಯಿತು. ಅದು ನೀರಿನ ಬಣ್ಣ ಪುಟ್ಟಿ. ದಂತ ಕಾಗದದ ಹಾಗೆ ಬಣ್ಣ ಹೀರುವುದಿಲ್ಲ, ಬಣ್ಣ ಮೇಲೆಯೇ ಕೂತಿರುತ್ತದೆ. ಆ ಮನೆಯವರ ಮುಂದೆ ತಲೆತಗ್ಗಿಸಿ ನಿಂತದ್ದು ಇವತ್ತಿಗೂ ಮರೆತಿಲ್ಲ.

ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿ ಕೊಂಡುಕೋ. ಹೆಸರನ್ನು ಬೆರಳಿನಿಂದ ಮರೆಮಾಡಿ ಮುಖವನ್ನಷ್ಟೇ ನೋಡು. ಕಣ್ಣಿನ ಕೆಳಗೆ, ಮೂಗಿನ ಪಕ್ಕದ ನೆರಳಿನಲ್ಲಿ ಕೂದಲೆಳೆಯಂಥ ಗೆರೆಗಳು, ಒಂದರ ಮೇಲೊಂದು ಬಿದ್ದ ಚುಕ್ಕೆಗಳು ಕಂಡರೆ ಅದು ಕುಂಚದ ಕೆಲಸ. ಚುಕ್ಕೆಗಳೆಲ್ಲ ಒಂದೇ ಅಳತೆಯವಾಗಿ ಸಾಲುಗಟ್ಟಿದ್ದರೆ ಅಚ್ಚು ಹಾಕಿದ್ದು. ಸ್ಮಾರ್ಟ್ ಚರ್ಮವನ್ನು ಬಲು ನಾಜೂಕಾಗಿ ಬರೆಯುತ್ತಿದ್ದ, ಕಣ್ಣಂಚಿನ ಸುಕ್ಕನ್ನೂ ಬಿಡುತ್ತಿರಲಿಲ್ಲ. ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಅವನ ಅಸಲಿ ಚಿತ್ರಗಳಿವೆ. ಹೋಗಿ, ಕಾಲು ನೋಯುವ ತನಕ ನಿಂತು ನೋಡಿ ಬಾ. ಆಮೇಲೆ ನಿನ್ನ ಹುಡುಗನನ್ನು ನೋಡು.

ಆ ‘ಐ’ ಅಕ್ಷರದ ಕಥೆ ನಿಜ. ಸ್ಮಾರ್ಟ್ 1785ರಲ್ಲಿ ಮದ್ರಾಸಿಗೆ ಬಂದು ಆರ್ಕಾಟಿನ ನವಾಬರ ಮನೆಯವರನ್ನೂ ಕಂಪನಿಯ ಅಧಿಕಾರಿಗಳನ್ನೂ ಬರೆದ, 1795ರಲ್ಲಿ ಹಿಂದಿರುಗಿದ. ಆ ವರ್ಷಗಳಲ್ಲಿ ಇಸವಿಯ ಕೆಳಗೆ ಇಂಡಿಯಾ ಎಂಬುದರ ಗುರುತಾಗಿ ‘ಐ’ ಹಾಕುತ್ತಿದ್ದ. ಹುಡುಗನ ತಲೆಗೂದಲಿಗೆ ಪುಡಿ ಬಳಿದಿರುವುದೂ ಕಾಲಕ್ಕೆ ಹೊಂದುತ್ತದೆ. 1795ರಲ್ಲಿ ಬ್ರಿಟನ್ನಿನಲ್ಲಿ ಅದಕ್ಕೆ ತೆರಿಗೆ ಬಿದ್ದ ಮೇಲೆ ಆ ರೂಢಿ ಇಳಿಯಿತು. ಮುಂದೆ 1792ರಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸ್‌ನ ದಂಡಿನ ಜೊತೆ ಈ ಕೆಂಪು ಕೋಟಿನ ಹುಡುಗನೂ ನಮ್ಮ ಶ್ರೀರಂಗಪಟ್ಟಣದ ಕೋಟೆ ಮುಂದೆ ನಿಂತಿದ್ದನೇನೋ ಎಂದು ನನ್ನ ಮನಸ್ಸೂ ಓಡಿತು. ಆದರೆ ಇಂಥ ಆಸೆಯೇ ಕಣ್ಣು ಕಟ್ಟುವುದು. ಇದೆಲ್ಲ ನಕಲು ಮಾಡುವವನಿಗೂ ಗೊತ್ತು. ಮುಖ ಬರೆಯಲು ದಿನಗಟ್ಟಲೆ ಬೇಕು, ಎರಡಕ್ಷರ ಗೀಚಲು ಒಂದು ನಿಮಿಷ ಸಾಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದೊಡ್ಡ ಹೆಸರುಗಳನ್ನು ಹಾಕಿದ ಅಲಂಕಾರದ ಚಿತ್ರಗಳು ರಾಶಿರಾಶಿ ಬಂದವು, ಎಷ್ಟೋ ಚಿತ್ರಗಳ ಚೌಕಟ್ಟು ಪಿಯಾನೋ ಕೀಲಿಗಳ ದಂತದ ಪಟ್ಟಿಯದು. ನಿನ್ನದು ಲೋಹದ ಲಾಕೆಟ್, ಅಷ್ಟರಮಟ್ಟಿಗೆ ಸಮಾಧಾನ. ಹಿಂಬದಿಯಲ್ಲಿ ಹೆಣೆದ ಕೂದಲೋ ಹಳೆಯ ಕಾಗದವೋ ಇದ್ದೀತು. ಚಾಕು ಹಾಕಿ ಮೀಟಬೇಡ. ದಂತದ ಬಿಲ್ಲೆ ಕಾಗದದಷ್ಟೇ ತೆಳು, ಬಿರಿಯುತ್ತದೆ. ದಂತವೋ ಪ್ಲಾಸ್ಟಿಕ್ಕೋ ತಿಳಿಯಲು ಸೂಜಿ ಕಾಯಿಸಿ ಚುಚ್ಚಿ ನೋಡು ಎನ್ನುವವರ ಮಾತಿಗಂತೂ ಕಿವಿಗೊಡಬೇಡ.

ಬೆಲೆ ಕಟ್ಟಿಸುವಾಗ, ಕಟ್ಟಿದವನೇ ‘ನನಗೇ ಕೊಡಿ’ ಅಂದರೆ ಎದ್ದು ಬಾ. ಕೊಳ್ಳುವ ಉದ್ದೇಶವಿಲ್ಲದವರಿಗೆ ಶುಲ್ಕ ಕೊಟ್ಟು ಬರವಣಿಗೆಯಲ್ಲಿ ಪಡೆ. ‘ಸ್ಮಾರ್ಟ್ ಬರೆದದ್ದು’, ‘ಸ್ಮಾರ್ಟ್ ಬರೆದದ್ದೆನ್ನಲಾದದ್ದು’, ‘ಸ್ಮಾರ್ಟ್ ಶೈಲಿಯದು’ ಇವು ಮೂರೂ ಬೇರೆ ಬೇರೆ ಬೆಲೆಯ ಮಾತುಗಳು, ಯಾವುದನ್ನು ಬರೆದಿದ್ದಾರೆ ಎಂದು ಓದು. ವಿಮೆಗೆ ಕಟ್ಟುವ ಬೆಲೆ ಹರಾಜಿನಲ್ಲಿ ಸಿಗುವುದಿಲ್ಲ, ಅದನ್ನೇ ನೆಚ್ಚಿಕೊಳ್ಳಬೇಡ.

ಮಾರುವ ಮನಸ್ಸಾದರೆ ಅಲ್ಲಿಯ ದಂತದ ಕಾನೂನು ನೋಡಿಕೋ. 2018ರಲ್ಲಿ ಬಂದ ಆ ಕಾಯ್ದೆ 2022ರ ಜೂನ್‌ನಲ್ಲಿ ಜಾರಿಯಾಯಿತು. 1918ಕ್ಕಿಂತ ಹಿಂದಿನ, 320 ಚದರ ಸೆಂಟಿಮೀಟರ್ ಮೀರದ ಇಂಥ ಭಾವಚಿತ್ರಗಳಿಗೆ ವಿನಾಯಿತಿ ಇದೆ, ಆದರೆ ಮಾರುವ ಮುಂಚೆ ನೋಂದಾಯಿಸಬೇಕು. ಅಜ್ಜಿಗೆ ತೋರಿಸಲು ಡಿಸೆಂಬರ್‌ನಲ್ಲಿ ಮೈಸೂರಿಗೆ ತರುತ್ತೇನೆ ಅಂದಿದ್ದೀಯಲ್ಲ, ಆ ಯೋಚನೆ ಬಿಡು. ಆನೆದಂತ ಗಡಿ ದಾಟಲು ಸೈಟ್ಸ್, ಅಂದರೆ ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ, ಪರವಾನಗಿ ಬೇಕು, ಪೆಟ್ಟಿಗೆಯಲ್ಲಿ ಸೀರೆಯ ನಡುವೆ ಇಟ್ಟು ತರುವ ವಸ್ತುವಲ್ಲ ಅದು.

ಬಿಸಿಲಿಗೂ ಹೀಟರಿಗೂ ದೂರ ಇಡು. ಭೂತಗನ್ನಡಿ ಬಂದ ದಿನ ಅದರ ಮೇಲೆ ಫೋನ್ ಇಟ್ಟು ಹುಡುಗನ ಎಡಗಣ್ಣಿನ ಕೆಳಗಿನ ಭಾಗದ ಒಂದು ಫೋಟೋ ತೆಗೆದು ಕಳಿಸು. ಅಜ್ಜಿಗೆ ಕಂಪ್ಯೂಟರಿನಲ್ಲೇ ತೋರಿಸುತ್ತೇನೆ, ‘ಯಾರ ಮಗನೋ ಪಾಪ’ ಎಂದು ಆಗಲೇ ಎರಡು ಸಲ ಕೇಳಿದರು.

ನಿನ್ನ ಪ್ರೀತಿಯ
ಮಾವ