ಟ್ರಂಕು ಬಿಚ್ಚಿಡು

ಮಗಳ,

ನಿನ್ನೆ ಫೋನಿನ್ಯಾಗ "ಗಣಿತ ತಲಿಗೆ ಹತ್ತವಲ್ದವ್ವ, ಧಾರವಾಡ ಸಾಕು, ಟ್ರಂಕು ಕಟ್ಟೀನಿ" ಅಂದಿ. ಬೈಯಾಕ ಬಾಯಿ ತೆಗದಾಕಿ ಸುಮ್ಮನಾದೆ. ಫೋನಿನ್ಯಾಗ ಏನ ಹೇಳಿದ್ರೂ ನೀ "ಹೂಂ, ಹೂಂ" ಅಂತಿ. ಅದಕ್ಕ ಬರಿಯಾಕತ್ತೀನಿ. ಅಕ್ಷರ ಸೊಟ್ಟ ಅದಾವು, ನಗಬ್ಯಾಡ.

ನಾನೂ ಒಂಬತ್ತನೇತ್ತಾದಾಗನ ಸಾಲಿ ಬಿಟ್ಟಾಕಿ. ಬಿಡು ಅಂತ ಯಾರೂ ಅನ್ನಲಿಲ್ಲ. ಜನವರಿಗೆ ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಸುಗ್ಗಿ. ಸೋಮವಾರ, ಗುರುವಾರ ಮಾಲು ಬೀಳ್ತಿತ್ತು, ಕಾಯಿ ತುಂಬು, ಅಂದ್ರ ತೊಟ್ಟು, ಬಿಡಸಾಕ ಹೆಣ್ಮಕ್ಕಳು ಎಷ್ಟಿದ್ರೂ ಸಾಲ್ತಿದ್ದಿಲ್ಲ. ನಾಕ ದಿನ ಅಂತ ಅವ್ವನ ಜೋಡಿ ಹೋದೆ. ಕೈಯಾಗ ರೊಕ್ಕ ಆಡಿತು. ಸುಗ್ಗಿ ಮುಗಿಯೂದ್ರಾಗ ಮಾರ್ಚ್ ಪರೀಕ್ಷೆನೂ ಮುಗದಿತ್ತು. ಬ್ಯಾಡಗಿ ಕಾಯಿ ಬಣ್ಣ ಜಾಸ್ತಿ, ಖಾರ ಕಡಿಮಿ ಅಂತಾರಲ್ಲ, ಹಂಗಂದವರು ದಿನಪೂರ್ತಿ ತುಂಬು ಬಿಡಿಸಿ ಅದ ಕೈಲೆ ಕಣ್ಣು ಒರಸಿಕೊಂಡು ನೋಡ್ಲಿ.

ಮುಂದ ಅಂಗನವಾಡಿಗೆ ಅರ್ಜಿ ಕರದ್ರು. ಕಾರ್ಯಕರ್ತೆ ಆಗಾಕ ಆಗ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕಿತ್ತು. ನನ್ನ ಬಾಜೂಕ ಕುಂತು ಲೆಕ್ಕ ನೋಡಿ ಬರೀತಿದ್ದಾಕಿ ಕಾರ್ಯಕರ್ತೆ ಆದ್ಲು, ನಾ ಸಹಾಯಕಿ. ಅದ ಖೋಲಿ, ಅವ ಮಕ್ಕಳು, ಪಗಾರ ಮಾತ್ರ ಅಕಿದರ ಅರ್ಧಕ್ಕ ಹತ್ರ. ಅಕಿ ಮ್ಯಾಲೆ ಸಿಟ್ಟಿಲ್ಲ. ರಜಿಸ್ಟರಿನ್ಯಾಗ ಅಕಿ ಕೂಡಿಸಿದ್ದು ತಪ್ಪಿದ್ರ ನಾನ ಹೇಳ್ತೀನಿ, ತಿದ್ದತಾಳ. ಸಹಿ ಮಾತ್ರ ಅಕಿದ.

14 ವರ್ಷದ ತನಕ, ಅಂದ್ರ ಎಂಟನೇತ್ತಾ ತನಕ, 2009ರ ಶಿಕ್ಷಣ ಹಕ್ಕಿನ ಕಾಯ್ದೆ ನಿನ್ನ ಕೈ ಹಿಡಿದಿತ್ತು. ಮುಂದಿನ ಎರಡು ವರ್ಷಕ್ಕ ಆ ಕಾಯ್ದೆ ಇಲ್ಲ. ನಾವು ಮನಸ್ಸು ಮಾಡಬೇಕು, ನೀ ಮನಸ್ಸು ಮಾಡಬೇಕು. ಹೆಣ್ಮಕ್ಕಳು ಜಾರೂದು ಅಲ್ಲೇ. ಪಿಯುಸಿ ಇರಲಿ, ಡಿಪ್ಲೊಮಾ ಇರಲಿ, ಅಂಚೆ ಇಲಾಖೆಯ ಡಾಕ್ ಸೇವಕ್ ಕೆಲಸ ಇರಲಿ, ಮೊದಲು ಕೇಳೂದು ಹತ್ತನೇತ್ತಾ ಮಾರ್ಕ್ಸ್ ಕಾರ್ಡ್.

625ಕ್ಕ 600 ತಾ ಅನ್ನಂಗಿಲ್ಲ. ಗಣಿತ 100ರದು, ಕನ್ನಡ 125ರದು, ಕನ್ನಡದಾಗ ನೀ ಹುಲಿ. ಹತ್ತನೇತ್ತಾದಾಗ ಒಂದು ಸಲ ಹೋದ್ರೂ ಅದ ವರ್ಷ ಮತ್ತ ಬರಿಯಾಕ ಅವಕಾಶ ಐತಿ ಈಗ.

ಶನಿವಾರ ಬರ್ತೀನಿ. ಬಸ್ಸಿಗೇನು, ಆಧಾರ್ ಕಾರ್ಡ್ ತೋರಿಸಿದ್ರ ಸಾಕು. ಗುರೆಳ್ಳು ಚಟ್ನಿ, ಶೇಂಗಾ ಹೋಳಿಗಿ ತರ್ತೀನಿ. ಡಬ್ಬಿ ಇಡಾಕ ಜಾಗ ಬೇಕು, ಟ್ರಂಕು ಬಿಚ್ಚಿಡು.

ನಿನ್ನವ್ವ
ಬ್ಯಾಡಗಿ