‘ಇಳಿಜಾರಿನಲ್ಲಿ ನಿನ್ನದೇನು?’ ಎಂದು ಕೇಳಿದ ಗೆಳೆಯನಿಗೆ

ದಾವಣಗೆರೆ
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯ,

ಗುಡ್ಡದಿಂದ ಸೈಕಲ್ ಇಳಿಸುವ ಸ್ಪರ್ಧೆಗೆ ಹೋಗುತ್ತೇನೆ ಎಂದಾಗ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಆಗಲೇ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ‘ಇಳಿಜಾರಿನಲ್ಲಿ ಸೈಕಲ್ ತಾನಾಗಿಯೇ ಓಡುತ್ತದೆ, ಅದರಲ್ಲಿ ನಿನ್ನದೇನು?’ ಎಂದೆ. ನೀನು ಕೊಂಕು ಮಾತಾಡುವವನಲ್ಲ, ತಿಳಿದುಕೊಳ್ಳಲೆಂದೇ ಕೇಳಿದೆ. ಅದಕ್ಕೇ ಆ ಮಾತು ಎಂಟು ದಿನ ನನ್ನ ಜೊತೆಗೇ ಇತ್ತು. ಅಂಗಡಿಯಲ್ಲಿ ಟ್ಯೂಬಿಗೆ ಪ್ಯಾಚ್ ಹಚ್ಚುವಾಗಲೂ ಇತ್ತು, ರಾತ್ರಿ ಮಗಳಿಗೆ ಮಗ್ಗಿ ಹೇಳಿಕೊಡುವಾಗಲೂ ಇತ್ತು. ಇವತ್ತು ಬಿಡುವು ಸಿಕ್ಕಿದೆ, ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಕೇಳಿದವರು ಊರಿನಲ್ಲಿ ಇನ್ನೂ ಹಲವರಿದ್ದಾರೆ. ಅವರೂ ಓದಲಿ ಎಂದು ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ, ಬೇಸರಿಸಬೇಡ.

ಮೊದಲು ಗುಡ್ಡದ ವಿಷಯ. ನೀನು ಜೋಗಿಮಟ್ಟಿ ಇರಬೇಕು ಎಂದುಕೊಂಡಿದ್ದೆ. ಅಲ್ಲ. ಅದು ವನ್ಯಜೀವಿಧಾಮ, ಅಲ್ಲಿ ಸ್ಪರ್ಧೆಯ ಮಾತೇ ಇಲ್ಲ, ಇರಲೂಬಾರದು. ನಾವು ಇಳಿದದ್ದು ಚಿತ್ರದುರ್ಗದಿಂದ ಆಚೆ, ಗಾಳಿಯಂತ್ರಗಳ ಸಾಲು ಕಾಣುವ ಕಡೆಯ ಒಂದು ಬೋಳು ಗುಡ್ಡವನ್ನು. ತಪ್ಪಲಿನ ಹೊಲದವರು ಒಪ್ಪಿಗೆ ಕೊಟ್ಟಿದ್ದರು. ದುರ್ಗದ ನೆಲ ನಿನಗೆ ಹೊಸದಲ್ಲ. ಏಳನೆಯ ತರಗತಿಯ ಪ್ರವಾಸದಲ್ಲಿ ಕೋಟೆಯಿಂದ ಇಳಿಯುವಾಗ ನನ್ನ ಚಪ್ಪಲಿ ಜಾರಿತ್ತು, ನೀನು ಅಂಗಿ ಹಿಡಿದು ಎಳೆದಿದ್ದೆ. ಅದೇ ಗರಸು. ಬಂಡೆ ಸವೆದು ಉದುರಿದ ಕಾಳು ಮೇಲೆ, ಕಲ್ಲಿನಷ್ಟೇ ಗಟ್ಟಿಯಾದ ನೆಲ ಕೆಳಗೆ. ಗಾರೆಯ ನೆಲದ ಮೇಲೆ ರಾಗಿ ಚೆಲ್ಲಿ ಅದರ ಮೇಲೆ ಓಡಿದರೆ ಹೇಗಿರುತ್ತದೋ ಹಾಗೆ. ಟೈರಿಗೆ ಕಚ್ಚಿ ಹಿಡಿಯಲು ಏನೂ ಸಿಗುವುದಿಲ್ಲ. ಎರಡೂ ಕಡೆ ತಂಗಡಿ, ಬಂದರಿಕೆ, ಕಾರೆಮುಳ್ಳು. ನಡುವೆ ಕುರಿಗಳು ನಡೆದು ಮಾಡಿದ ಕಾಲುದಾರಿ. ಅದನ್ನೇ ಅಲ್ಲಲ್ಲಿ ತಿದ್ದಿ ಓಟದ ದಾರಿ ಮಾಡಿದ್ದರು. ಉದ್ದ 1.4 ಕಿಲೋಮೀಟರ್, ಇಳಿತ 170 ಮೀಟರ್.

ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ಹಿಂದಿಕ್ಕಲು ಪಕ್ಕದಲ್ಲಿ ಯಾರೂ ಇರುವುದಿಲ್ಲ, ಗಡಿಯಾರ ಮಾತ್ರ ಇರುತ್ತದೆ. ಎರಡು ಸಲ ಇಳಿಯಬಹುದು, ಎರಡರಲ್ಲಿ ಕಡಿಮೆ ಸಮಯ ಯಾವುದೋ ಅದು ಲೆಕ್ಕಕ್ಕೆ. ನಾವು 22 ಜನ ಇದ್ದೆವು, ಹೆಚ್ಚಿನವರು ಕಾಲೇಜಿನ ಹುಡುಗರು. ನಲವತ್ತರ ಹತ್ತಿರದವರು ನಾನು ಸೇರಿ ಮೂವರು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಮೊಣಕಾಲು ಮೊಣಕೈಗಳಿಗೆ ಕವಚ ಇಲ್ಲದವರನ್ನು ಮೇಲಕ್ಕೆ ಬಿಡಲೇ ಇಲ್ಲ. ಒಬ್ಬ ಹುಡುಗ ಅಣ್ಣನ ಬೈಕಿನ ಹೆಲ್ಮೆಟ್ ತಂದಿದ್ದ, ಮೊಣಕಾಲಿಗೆ ಏನೂ ಇರಲಿಲ್ಲ. ವಾಪಸ್ ಕಳಿಸಿದಾಗ ಅವನ ಕಣ್ಣು ತುಂಬಿತು. ನನಗೂ ಸಂಕಟವಾಯಿತು. ಆದರೆ ಕಳಿಸಿದ್ದೇ ಸರಿ, ಈ ಆಟದಲ್ಲಿ ಅಂಥ ಕನಿಕರ ತೋರಿಸಬಾರದು.

ಅಪ್ಪನೂ ಬಂದಿದ್ದರು. ಎಪ್ಪತ್ತೊಂದು ವರ್ಷ, ಸುಮಾರು 60 ಕಿಲೋಮೀಟರ್ ಟೆಂಪೋದಲ್ಲಿ ನನ್ನ ಸೈಕಲ್ಲನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದರು. ಅವರ ಬಾಡಿಗೆ ಸೈಕಲ್ ನೆನಪಿದೆಯೇ? ಗಂಟೆಗೆ ಒಂದು ರೂಪಾಯಿ. ಸೀಟಿಗೆ ಎಟುಕದೆ ಫ್ರೇಮಿನ ನಡುವೆ ಕಾಲು ತೂರಿಸಿ ನಾವಿಬ್ಬರೂ ಕಲಿತದ್ದು ಅದರಲ್ಲೇ. ಹೊರಡುವ ಹಿಂದಿನ ಸಂಜೆ ಅವರು ನನ್ನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ‘ಗಾಳಿಯೇ ಇಲ್ಲವಲ್ಲ’ ಎಂದರು. ಇದ್ದದ್ದು 28 ಪೌಂಡ್. ಅವರು ಹಾಲಿನವರ ಸೈಕಲ್ಲಿಗೆ ಅದರ ಎರಡರಷ್ಟು ತುಂಬಿ ಕಳಿಸುವವರು. ಗಾಳಿ ಕಡಿಮೆ ಇದ್ದರೆ ಟೈರು ಕಲ್ಲಿನ ಮೇಲೆ ಪುಟಿಯುವುದಿಲ್ಲ, ಅಗಲವಾಗಿ ಕುಳಿತು ಅದನ್ನು ಅಪ್ಪಿಕೊಳ್ಳುತ್ತದೆ ಎಂದು ಹೇಳಿದೆ. ಒಳಗೆ ಟ್ಯೂಬೂ ಇಲ್ಲ, ಹಾಲಿನಂಥ ಒಂದು ದ್ರವ ಇದೆ, ತೂತಾದರೆ ಅದೇ ಹೋಗಿ ಮುಚ್ಚುತ್ತದೆ ಎಂದೂ ಹೇಳಿದೆ. ಅವರು ಏನೂ ಹೇಳದೆ ಅಂಗಡಿಯ ಹಿಂದಿನ ಬಯಲಿಗೆ ಹೋಗಿ ಒಂದು ಒಣಗಿದ ನೆಗ್ಗಿಲು ಮುಳ್ಳು ತಂದರು. ನನ್ನನ್ನು ಕೇಳದೆಯೇ ಟೈರಿಗೆ ಚುಚ್ಚಿ ಕಿತ್ತರು. ಬುಸ್ಸೆಂದು ಗಾಳಿ ಬಂತು, ಬಿಳಿ ಹನಿ ಚಿಮ್ಮಿತು. ಚಕ್ರ ತಿರುಗಿಸಿದೆ. ನಾಲ್ಕೈದು ಸುತ್ತು ತಿರುಗುವಷ್ಟರಲ್ಲಿ ಸದ್ದು ನಿಂತಿತು. ಅಪ್ಪ ಆ ಜಾಗವನ್ನು ಬೆರಳಿನಿಂದ ಸವರಿ, ‘ಐವತ್ತು ವರ್ಷ ಪಂಕ್ಚರ್ ಹಾಕಿದ್ದೇನೆ’ ಎಂದಷ್ಟೇ ಹೇಳಿದರು. ಆ ದನಿಯಲ್ಲಿ ಬೇಸರವಿರಲಿಲ್ಲ. ಹೊಸ ಉಪಕರಣ ಕೈಗೆ ಸಿಕ್ಕಾಗ ಅವರ ಮುಖ ಹೇಗಾಗುತ್ತದೆ ಎಂದು ನೀನೂ ನೋಡಿದ್ದೀಯಲ್ಲ, ಹಾಗೆ ಆಗಿತ್ತು.

ದಾರಿಯಲ್ಲಿ ಅವರಿಗೆ ಈ ಆಟ ಹುಟ್ಟಿದ ಕಥೆ ಹೇಳಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ ಮರಿನ್ ಎಂಬ ಕಡೆ, 1976ರಲ್ಲಿ ಕೆಲವು ಗೆಳೆಯರು ಗುಜರಿಯಂಥ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸಿ, ಯಾರು ಬೇಗ ಎಂದು ಗಡಿಯಾರ ಹಿಡಿದು ನೋಡತೊಡಗಿದರು. ಆ ಸೈಕಲ್ಲುಗಳಿಗೆ ಬ್ರೇಕ್ ಇದ್ದದ್ದು ಹಿಂದಿನ ಚಕ್ರದ ನಡುವಿನ ಗುಂಬದ, ಅಂದರೆ ಹಬ್ಬಿನ, ಒಳಗೆ, ಪೆಡಲ್ ಹಿಂದಕ್ಕೆ ಒತ್ತಿದರೆ ಹಿಡಿಯುವಂಥದ್ದು. ಕೆಳಗೆ ಬರುವಷ್ಟರಲ್ಲಿ ಹಬ್ಬು ಕಾದು ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಹೀಗೆ ಮತ್ತೆ ತುಂಬುವ ಕೆಲಸದಿಂದಲೇ ಆ ದಾರಿಗೆ ‘ರೀಪ್ಯಾಕ್’ ಎಂಬ ಹೆಸರು ಬಂತು. ಮುಂದೆ ಮೌಂಟನ್ ಬೈಕ್ ಎಂಬ ಸೈಕಲ್ ರೂಪುಗೊಂಡದ್ದರಲ್ಲಿ ಆ ಗುಂಪಿನವರ ಪಾಲು ದೊಡ್ಡದು. ಅಪ್ಪ ಇಷ್ಟು ಗಮನವಿಟ್ಟು ನನ್ನ ಮಾತು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ. ‘ಗ್ರೀಸ್ ಹೋದರೆ ಬೇರಿಂಗಿನ ಬಾಲ್ಸ್ ಉಳಿಯುವುದಿಲ್ಲ, ಅವರು ತುಂಬಿದ್ದು ಸರಿ’ ಎಂದರು.

ಇದು ಒಲಿಂಪಿಕ್ಸಿನಲ್ಲಿ ಇದೆಯೇ ಎಂದು ನೀನು ಕೇಳಿದ್ದೆ. ಇಲ್ಲ. ಬೆಟ್ಟದ ದಾರಿಯಲ್ಲಿ ಹತ್ತಿ ಇಳಿಯುವ ಕ್ರಾಸ್ ಕಂಟ್ರಿ 1996ರ ಅಟ್ಲಾಂಟಾದಿಂದ ಇದೆ. ಬರಿಯ ಇಳಿಯುವ ಈ ಸ್ಪರ್ಧೆಗೆ ವಿಶ್ವ ಚಾಂಪಿಯನ್‌ಷಿಪ್ ಇದೆ, 1990ರಿಂದ.

ಇನ್ನು ನಿನ್ನ ಪ್ರಶ್ನೆ. ಗುಡ್ಡವೇ ಓಡಿಸುತ್ತದೆ ಎಂಬುದು ನಿಜ. ನಾನು, ಸೈಕಲ್, ಕವಚ ಎಲ್ಲ ಸೇರಿ 90 ಕಿಲೋ. 170 ಮೀಟರ್ ಇಳಿದರೆ ಗುಡ್ಡ ನಮಗೆ ಸುಮಾರು 1,50,000 ಜೂಲ್ ಶಕ್ತಿ ಕೊಡುತ್ತದೆ. ಅಷ್ಟನ್ನೂ ಬ್ರೇಕಿನಲ್ಲೇ ಕಳೆದರೆ, ಆ ಶಾಖದಲ್ಲಿ ಅರ್ಧ ಲೀಟರ್ ತಣ್ಣೀರು ಹೆಚ್ಚುಕಡಿಮೆ ಕುದಿಯುವ ಹದಕ್ಕೆ ಬರುತ್ತದೆ. ನಾಲ್ಕು ಲೋಟ ಚಹಾದ ನೀರು, ಗೆಳೆಯ! ನಾನು ಒಂದು ಸಲವೂ ಪೆಡಲ್ ತುಳಿಯದೆ ಸಿಕ್ಕಿದ್ದು. ಆದರೆ ಆ ಶಕ್ತಿಯನ್ನು ಎಲ್ಲಿ ಇಟ್ಟುಕೊಳ್ಳಬೇಕು, ಎಲ್ಲಿ ಕಳೆಯಬೇಕು ಎಂದು ಗುಡ್ಡ ಹೇಳುವುದಿಲ್ಲ. ಅದಷ್ಟೇ ನನ್ನದು. ಅದಷ್ಟಕ್ಕೇ ನನ್ನಲ್ಲಿದ್ದ ಬುದ್ಧಿ, ಕಣ್ಣು, ಕೈ ಎಲ್ಲವೂ ಬೇಕಾದವು. ಸಾಲಲೂ ಇಲ್ಲ.

ಮೊದಲ ಸಲ ಬಿದ್ದೆ. ಮೇಲಿನ ನೇರ ದಾರಿ, ಆಮೇಲೆ ಹಾಸುಬಂಡೆ, ಎರಡನ್ನೂ ಚೆನ್ನಾಗಿಯೇ ದಾಟಿದ್ದೆ. ಬಂಡೆಯ ಮೇಲೆ ಟೈರು ಎಷ್ಟು ಚೆನ್ನಾಗಿ ಹಿಡಿಯುತ್ತದೆ ಎಂದರೆ ಧೈರ್ಯ ತಾನಾಗಿ ಬರುತ್ತದೆ. ಅದು ಮುಗಿದ ಕೂಡಲೇ ಒಂಟಿ ಬೇವಿನ ಮರ, ಅಲ್ಲಿ ದಾರಿ ಎಡಕ್ಕೆ ಹೊರಳುತ್ತದೆ, ನೆಲ ಪೂರ್ತಿ ಗರಸು. ಮರದ ಬುಡಕ್ಕೆ ಹುಲ್ಲಿನ ಹೊರೆಗಳನ್ನು ಕಟ್ಟಿದ್ದರು. ನಾನು ಹುಲ್ಲನ್ನು ನೋಡಿದೆ. ನೋಡಿದ ಕಡೆಗೇ ಸೈಕಲ್ ಹೋಗುತ್ತದೆ ಎಂದು ನೂರು ಸಲ ಕೇಳಿದ್ದೇನೆ, ಆದರೂ ನೋಡಿದೆ. ಹೆದರಿ ತಿರುವಿನ ಒಳಗೇ ಮುಂದಿನ ಬ್ರೇಕ್ ಒತ್ತಿದೆ. ಮುಂದಿನ ಚಕ್ರ ನೆಲ ಬಿಟ್ಟು ಜಾರಿತು. ಹೆಗಲು ನೆಲಕ್ಕೆ ಬಡಿಯಿತು. ಬಾಯಿತುಂಬ ಧೂಳು. ಸೀಟಿ ಕೇಳಿಸಿತು, ಯಾರೋ ಓಡಿ ಬಂದರು. ಕೈಕಾಲು ಆಡಿಸಿ ನೋಡಿ ಎದ್ದೆ. ಮೊಣಕೈ ಕವಚದ ಮೇಲ್ಗಡೆ ಚರ್ಮ ತರಚಿತ್ತು, ಅಷ್ಟೆ. ಕೆಳಗೆ ಮುಟ್ಟಿದಾಗ 3 ನಿಮಿಷ 41 ಸೆಕೆಂಡ್.

ಎರಡನೆಯ ಸುತ್ತಿಗೆ ಒಂದೂವರೆ ಗಂಟೆ ಸಮಯವಿತ್ತು. ಸಮಯಕ್ಕಿಂತ ನನ್ನನ್ನು ಕಾಡಿದ್ದು ಆ ತಿರುವಿನಲ್ಲಿ ನಡುಗಿದ ನನ್ನ ಕೈ. ಎಷ್ಟು ಬಿಗಿಯಾಗಿ ಹ್ಯಾಂಡಲ್ ಹಿಡಿದಿದ್ದೆ ಎಂದರೆ, ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಮುಂಗೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಇನ್ನೊಮ್ಮೆ ಇಳಿಯುವುದು ಬೇಡ ಎಂದು ನಿಜವಾಗಿಯೂ ಯೋಚಿಸಿದೆ, ನಿನ್ನ ಹತ್ತಿರ ಮುಚ್ಚಿಡುವುದೇನು. ಮಗಳ ಮುಖ ಕಣ್ಣ ಮುಂದೆ ಬಂತು.

ಆಗ ಅಪ್ಪ ಬಂದು ಪಕ್ಕದಲ್ಲಿ ಕುಳಿತರು. ಬೆಳಗ್ಗೆಯಿಂದ ಅವರು ನಿಂತದ್ದು ಆ ಬೇವಿನ ಮರದ ಮೇಲ್ಗಡೆ, ದಾರದ ಆಚೆ. ಗಾಯ ನೋಡಿದರು, ನೀರು ಹಾಕಿ ತೊಳೆದರು. ಆಮೇಲೆ ಹೇಳಿದರು: ‘ಚೆನ್ನಾಗಿ ಇಳಿದವರ ಬ್ರೇಕಿನ ಸದ್ದು ಮರಕ್ಕೆ ಮುಂಚೆಯೇ ನಿಂತುಹೋಗುತ್ತಿತ್ತು. ಅಲ್ಲಿಂದ ಮುಂದೆ ಕಲ್ಲು ಸಿಡಿಯುವ ಸದ್ದು ಮಾತ್ರ. ನಿನ್ನದು ಮರದ ಹತ್ತಿರ ಬಂದ ಮೇಲೆ ಶುರುವಾಯಿತು.’

ಮೌಂಟನ್ ಬೈಕಿನ ಬಗ್ಗೆ ಅಪ್ಪನಿಗೆ ಏನೂ ಗೊತ್ತಿಲ್ಲ. ಕಿವಿಯಿಂದ ಸೈಕಲ್ ರಿಪೇರಿ ಮಾಡಿದವರು ಅವರು. ಬೀದಿಯ ತುದಿಯಲ್ಲಿ ಬರುವ ಸೈಕಲ್ಲಿನ ಸದ್ದು ಕೇಳಿ ಚಕ್ರದ ಬೇರಿಂಗ್ ಬಿಗಿಯುವ ಕೋನ್ ಯಾವ ಕಡೆ ಸಡಿಲವಾಗಿದೆ ಎಂದು ಹೇಳುತ್ತಿದ್ದರಲ್ಲ. ಅವರು ಕೇಳಿಸಿಕೊಂಡದ್ದು ಈ ಆಟದ ಮುಖ್ಯ ಗುಟ್ಟು. ಟೈರಿಗೆ ನೆಲದ ಮೇಲೆ ಇರುವ ಹಿಡಿತ ಇಷ್ಟೇ ಎಂದು ಲೆಕ್ಕ ಇದೆ. ಆ ಹಿಡಿತವನ್ನು ಸೈಕಲ್ ನಿಲ್ಲಿಸಲು ಖರ್ಚು ಮಾಡಿದರೆ ತಿರುಗಲು ಉಳಿಯುವುದಿಲ್ಲ. ನಿಧಾನ ಮಾಡುವುದೆಲ್ಲ ತಿರುವಿಗೆ ಮುಂಚೆ ಮುಗಿಯಬೇಕು, ತಿರುವಿನೊಳಗೆ ಬೆರಳು ಬಿಡಬೇಕು. ಹೇಳಲು ಒಂದು ಸಾಲು. ಆದರೆ ಭಯವಾದಾಗ ಬೆರಳು ತಾನಾಗಿಯೇ ಮಡಚಿಕೊಳ್ಳುತ್ತದೆ.

ಮತ್ತೆ ದಾರಿಯುದ್ದಕ್ಕೂ ನಡೆದು ಮೇಲಕ್ಕೆ ಹೋದೆ. ಹಾಸುಬಂಡೆ ಮುಗಿಯುವ ಅಂಚಿನಲ್ಲಿ ಒಂದು ಬಿಳಿ ಕಲ್ಲು ಇತ್ತು. ಬ್ರೇಕ್ ಇಲ್ಲಿಯೇ, ಬಂಡೆಯ ಮೇಲೆಯೇ, ಗರಸಿಗೆ ಇಳಿಯುವ ಮುಂಚೆಯೇ ಮುಗಿಯಬೇಕು ಎಂದು ಗುರುತು ಮಾಡಿಕೊಂಡೆ. ಬೇವಿನ ಆಚೆ ದಾರಿ ಒಂದು ಕೊರಕಲಿನ ಕಡೆ ಹೋಗುತ್ತದೆ. ಮರವನ್ನು ನೋಡದೆ ಕೊರಕಲಿನ ಬಾಯಿಯನ್ನು ನೋಡಬೇಕು ಎಂದುಕೊಂಡೆ.

ಎರಡನೆಯ ಸಲ ಹೊರಟಾಗ ಗಾಳಿ ಎದ್ದಿತ್ತು. ನಾನು ಪೆಡಲ್‌ಗಳ ಮೇಲೆ ನಿಂತಿದ್ದೆ, ಹಿಮ್ಮಡಿ ಕೆಳಗೆ, ಮೊಣಕೈ ಹೊರಗೆ, ಒಂದೊಂದೇ ಬೆರಳು ಬ್ರೇಕಿನ ಮೇಲೆ. ಹಾಸುಬಂಡೆ ಬಂತು. ಬಿಳಿ ಕಲ್ಲಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿದೆ, ಕಲ್ಲು ದಾಟುತ್ತಲೇ ಬಿಟ್ಟೆ. ಬಿಟ್ಟ ಆ ಕ್ಷಣ ಎದೆ ಬಾಯಿಗೆ ಬಂದಂತಾಯಿತು. ಸೈಕಲ್ಲನ್ನು ಎಡಕ್ಕೆ ವಾಲಿಸಿ ಕೊರಕಲಿನ ಕಡೆ ಕತ್ತು ತಿರುಗಿಸಿದೆ. ಹಿಂದಿನ ಚಕ್ರ ಒಂದು ಗೇಣು ಜಾರಿ ಮತ್ತೆ ಹಿಡಿಯಿತು. ಬೇವಿನ ಮರ ಬಲಗಡೆ ಎಲ್ಲೋ ಹೋಯಿತು, ನಾನು ಅದನ್ನು ನೋಡಲೇ ಇಲ್ಲ. ಕಲ್ಲು ಸಿಡಿಯುವ ಸದ್ದು ಮಾತ್ರ ಇತ್ತು. ಅಪ್ಪ ಹೇಳಿದ ಸದ್ದು. ಆ ಎರಡು ಸೆಕೆಂಡು ನನ್ನ ತಲೆಯಲ್ಲಿ ಅಂಗಡಿಯ ಬಾಡಿಗೆ ಇರಲಿಲ್ಲ, ಸಾಲವಿರಲಿಲ್ಲ, ನಿನ್ನ ಪ್ರಶ್ನೆಯೂ ಇರಲಿಲ್ಲ. ಕೊರಕಲಿನ ಬಾಯಿ ಇತ್ತು, ಎಡಗಡೆ ಒಂದು ತಂಗಡಿ ಹೂ ಇತ್ತು. ಆ ಹೂವಿನ ಹಳದಿ ಈಗಲೂ ಕಣ್ಣಲ್ಲಿದೆ.

ಮಿಕ್ಕದ್ದು ಬೇಗ ಮುಗಿಯಿತು. ಕೊರಕಲು, ಸಣ್ಣದೊಂದು ಜಿಗಿತ, ಶೇಂಗಾ ಕಿತ್ತ ಹೊಲ, ಸುಣ್ಣದ ಗೆರೆ. 3 ನಿಮಿಷ 12 ಸೆಕೆಂಡ್. 22 ಜನರಲ್ಲಿ 13ನೆಯವನು. ಗೆದ್ದವನು ಬೆಂಗಳೂರಿನಿಂದ ಬಂದಿದ್ದ ಹುಡುಗ, 2 ನಿಮಿಷ 38 ಸೆಕೆಂಡ್. ಅವನ ಸೈಕಲ್ಲಿನ ಶಾಕ್ ಅಬ್ಸಾರ್ಬರ್ 200 ಮಿಲಿಮೀಟರ್ ಕುಗ್ಗುವಂಥದ್ದು. ನನ್ನದರಲ್ಲಿ ಮುಂದೆ 120, ಹಿಂದೆ ಶಾಕೇ ಇಲ್ಲ. ಆದರೆ ಅವನು ಗೆದ್ದದ್ದು ಶಾಕಿನಿಂದ ಎಂದು ಹೇಳಿದರೆ ಅವನಿಗೆ ಅನ್ಯಾಯ. ಬೇವಿನ ಮರದ ಹತ್ತಿರ ಅವನ ಬ್ರೇಕಿನ ಸದ್ದೇ ಕೇಳಲಿಲ್ಲವಂತೆ. ಅಪ್ಪ ಹೇಳಿದರು.

ಹೊಲದಲ್ಲಿ ಅಪ್ಪ ಬಂದವರೇ ನನ್ನ ಬೆನ್ನು ತಟ್ಟಲಿಲ್ಲ. ಸೈಕಲ್ಲನ್ನು ತಲೆಕೆಳಗು ಮಾಡಿ ಹಿಂದಿನ ಚಕ್ರ ತಿರುಗಿಸಿ ಕಿವಿ ಹತ್ತಿರ ಒಯ್ದರು. ‘ಬಲಗಡೆ ಕೋನ್ ಸಡಿಲ’ ಎಂದರು. ಊರಿಗೆ ಬರುವಾಗ ರಾತ್ರಿ ಒಂಬತ್ತು. ಊಟಕ್ಕೂ ಕೂರದೆ ಅಂಗಡಿಯ ಬಾಗಿಲು ತೆಗೆಸಿದರು. ಆಕ್ಸಲ್ ಬಿಚ್ಚಿ, ಬಾಲ್ಸ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿದರು. ನಾನು ಮೊಬೈಲಿನ ಬೆಳಕು ಹಿಡಿದು ನಿಂತಿದ್ದೆ. ‘ಇದಕ್ಕೆ ಅವರು ಏನೋ ಹೆಸರು ಇಟ್ಟಿದ್ದರಲ್ಲ’ ಎಂದು ಕೇಳಿದರು. ಹೇಳಿದೆ. ಒಂದು ಸಲ ತಮಗೆ ತಾವೇ ಹೇಳಿಕೊಂಡು ನಟ್ಟು ಬಿಗಿದರು.

ಸಂಕ್ರಾಂತಿಗೆ ಬರುತ್ತೇನೆ ಎಂದಿದ್ದೀಯ. ಬರುವಾಗ ನನ್ನ ಬ್ರೇಕಿಗೆ ಎರಡು ಜೊತೆ ಪ್ಯಾಡ್ ತಂದುಕೊಡು. ಲೋಹದವು ಬೇಕು, ರೆಸಿನ್‌ನವು ಬೇಡ, ಅವು ಕಾದರೆ ಹಿಡಿಯುವುದಿಲ್ಲ. ಅಳತೆಗೆ ಹಳೆಯದರ ಫೋಟೋ ಕಳಿಸಿದ್ದೇನೆ. ಹೊಲದವರು ಇನ್ನೊಂದು ತಿಂಗಳು ದಾರಿ ಮುಚ್ಚುವುದಿಲ್ಲ ಎಂದಿದ್ದಾರೆ. ಬೆಳಗ್ಗೆ ಆರಕ್ಕೆ ಹೊರಟರೆ ಬಿಸಿಲಿಗೆ ಮುಂಚೆ ಮುಗಿಸಬಹುದು. ನೀನು ಸೈಕಲ್ ಹತ್ತಬೇಕೆಂದಿಲ್ಲ. ಅಪ್ಪನ ಜೊತೆ ಬೇವಿನ ಮರದ ಮೇಲ್ಗಡೆ ನಿಂತು, ನನ್ನ ಬ್ರೇಕ್ ಎಲ್ಲಿ ನಿಂತಿತು ಎಂದು ಕೇಳಿಸಿಕೊಂಡು ಹೇಳು.

ನಿನ್ನ,
ಸೈಕಲ್ ಅಂಗಡಿಯ ಗೆಳೆಯ