ಹೊಸ ಹಲಗೆಯಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಕಾಲುವೆಗಳ ಹಳೆಯ ಮರದ ದೋಣಿಗಳನ್ನು ಜನರ ದೇಣಿಗೆಯಿಂದ ಉಳಿಸಿಕೊಳ್ಳುವುದು ನಿಜಕ್ಕೂ ದೊಡ್ಡ ಕೆಲಸ. ಅಲ್ಲಿನ ಬ್ರಾನ್‌ಸ್ಟನ್ ಎಂಬ ಹಳ್ಳಿಯಲ್ಲಿ 1958ರಲ್ಲಿ ನೀರಿಗಿಳಿದ ‘ರೇಮಂಡ್’ ಎಂಬ ದೋಣಿ ಉಳಿದದ್ದೂ ಹೀಗೇ. ಎಂಜಿನ್ ಇಲ್ಲದ ಈ ದೋಣಿ ಇನ್ನೊಂದು ದೋಣಿಯ ಹಿಂದೆ ಕಲ್ಲಿದ್ದಲು ಹೊತ್ತು ಸಾಗುತ್ತಿತ್ತು. ಮರ ಹಾಳಾದಾಗ ಅಭಿಮಾನಿಗಳು ದತ್ತಿ ಸಂಸ್ಥೆ ಕಟ್ಟಿ, ಅದನ್ನು ಮತ್ತೆ ಕಟ್ಟಿಸಿದರು.

ಆದರೆ ಒಂದು ಮಾತು. ಇಂಥ ದೋಣಿಗಳ ಬದಿ ಓಕ್ ಮರದ್ದು, ತಳ ಎಲ್ಮ್ ಮರದ್ದು. ಹಲಗೆಗಳ ಸಂದಿಗೆ ಟಾರು ಹಚ್ಚಿದ ನಾರನ್ನು ಸುತ್ತಿಗೆಯಿಂದ ಬಡಿದು ಬಡಿದು ತುಂಬಬೇಕು. ದೋಣಿ ನೀರಿನಲ್ಲಿದ್ದರೆ ಮರ ಉಬ್ಬಿ ಸಂದಿ ಬಿಗಿಯಾಗುತ್ತದೆ. ದಡದಲ್ಲಿ ಒಣಗಿದರೆ ಬಿರಿಯುತ್ತದೆ. ಮೇಲಿನಿಂದ ಮಳೆನೀರು ಇಳಿದು ನಿಂತರೆ ಕೊಳೆಯುತ್ತದೆ. ಹಾಗಾಗಿ ಒಮ್ಮೆ ರಿಪೇರಿ ಮಾಡಿ ಸುಮ್ನೆ ಬಿಡುವ ಹಾಗಿಲ್ಲ.

ಹೊಸ ಹಲಗೆಗೆ ಹಣ ಕೊಡಲು ಎಲ್ಲರಿಗೂ ಉತ್ಸಾಹ ಜಾಸ್ತಿ. ಟಾರು ಬಳಿಯಲು, ಟಾರ್ಪಾಲು ಬದಲಿಸಲು ಯಾರು ಕೊಡುತ್ತಾರೆ? ಅದು ಕಣ್ಣಿಗೆ ಕಾಣುವ ಕೆಲಸವಲ್ಲ, ಅಲ್ವಾ? ಆದ್ದರಿಂದ ಇಂಥ ಸಂಸ್ಥೆಗಳು ಪ್ರತಿ ದೇಣಿಗೆಯಲ್ಲೂ ಒಂದು ಪಾಲನ್ನು ನಿರ್ವಹಣೆಗೆಂದೇ ತೆಗೆದಿಡಲಿ. ದಾನಿಗಳಿಗೂ ಅದನ್ನು ಮೊದಲೇ ತಿಳಿಸಲಿ.

– ಒಬ್ಬ ಓದುಗ